ಸಹಾಯ ಬೇಕು: ಬೆಳ್ಳಿ ಡಬ್ಬಿಯ ಮೂಲ ಮನೆಯವರನ್ನು ಹುಡುಕಬೇಕು

ಎಲ್ಲರಿಗೂ ನಮಸ್ಕಾರ. ನಾನಿರುವುದು ಮ್ಯೂನಿಕ್‌ನಲ್ಲಿ. ಹೋದ ತಿಂಗಳು ಹಳೆ ಸಾಮಾನಿನ ಸಂತೆಯಲ್ಲಿ ಒಂದು ಬೆಳ್ಳಿ ಡಬ್ಬಿ ಕೊಂಡೆ. ಗೇಣುದ್ದ, ಗೋಪುರದ ಆಕಾರ, ತುದಿಯಲ್ಲಿ ಪುಟ್ಟ ಬಾವುಟ, ನಡುವೆ ಸಣ್ಣ ಬಾಗಿಲು. ದೇವರ ಮನೆಯಲ್ಲಿಡೋಣ ಅಂತ ತಂದೆ. ಬಾಗಿಲು ತೆರೆದರೆ ಒಳಗೆ ಇನ್ನೂ ಲವಂಗದ ವಾಸನೆ! ಶನಿವಾರ ಸಂಜೆ ಸಬ್ಬತ್ (ವಾರದ ವಿಶ್ರಾಂತಿ ದಿನ) ಮುಗಿಸುವಾಗ ಯಹೂದಿಗಳು ಕೈಯಿಂದ ಕೈಗೆ ದಾಟಿಸಿ ಮೂಸುವ ಮಸಾಲೆ ಡಬ್ಬಿ ಇದು ಅಂತ ಆಮೇಲೆ ತಿಳಿಯಿತು.

ತಳದಲ್ಲಿ ಅರ್ಧಚಂದ್ರ, ಕಿರೀಟ, 800 (ಸಾವಿರ ಪಾಲಿನಲ್ಲಿ 800 ಪಾಲು ಬೆಳ್ಳಿ) ಎಂಬ ಮುದ್ರೆಗಳಿವೆ. ಅಂದರೆ 1888ರಿಂದೀಚೆಗೆ ಜರ್ಮನಿಯಲ್ಲಿ ಬಂದ ಗುರುತು (ನಮ್ಮ ಕಡೆಯ 'ಜರ್ಮನ್ ಸಿಲ್ವರ್' ಅಲ್ಲ, ನಿಜವಾದ ಬೆಳ್ಳಿ). ಪಕ್ಕದಲ್ಲಿ ಎರಡು ಸಾಲು ಹೀಬ್ರೂ ಕೆತ್ತನೆ, ಉಜ್ಜಿ ಉಜ್ಜಿ ಸವೆದಿದೆ.

1939ರಲ್ಲಿ ನಾಜಿ ಸರ್ಕಾರ ಯಹೂದಿಗಳ ಮನೆಯ ಬೆಳ್ಳಿ ಬಂಗಾರವನ್ನು ಗಿರವಿ ಕಚೇರಿಗಳಿಗೆ ಒಪ್ಪಿಸಿಕೊಂಡಿತು. ಮದುವೆ ಉಂಗುರ, ಊಟದ ಒಂದಿಷ್ಟು ಚಮಚದಂಥ ಕೆಲವನ್ನು ಮಾತ್ರ ಬಿಟ್ಟಿತು. ಇದೂ ಹಾಗೆ ಕಿತ್ತುಕೊಂಡದ್ದೇ ಇರಬಹುದೆಂಬ ಯೋಚನೆ ಬಂದಾಗಿನಿಂದ ನಿದ್ದೆಯಿಲ್ಲ. ಮಾರಿದವರ ಹತ್ತಿರ ರಸೀದಿಯೂ ಇಲ್ಲ, ಎಲ್ಲಿಂದ ಬಂತೆಂಬ ಮಾಹಿತಿಯೂ ಇಲ್ಲ.

ಇಸ್ರೇಲ್‌ನಲ್ಲಿರುವ ಕನ್ನಡಿಗರು ಯಾರಾದರೂ ಆ ಅಕ್ಷರ ಓದಿಕೊಡುತ್ತೀರಾ? ಹೆಸರೋ ಊರೋ ಇದ್ದರೆ ಸಾಕು. ಮ್ಯೂಸಿಯಂನಲ್ಲಿ ಕೆಲಸ ಮಾಡಿದವರಿದ್ದರೆ, ಮೊದಲು ಯಾರನ್ನು ಕೇಳಬೇಕು ಹೇಳಿ. ಫೋಟೊ ಕಳಿಸುತ್ತೇನೆ. ದಯವಿಟ್ಟು ಬೆಲೆ ಎಷ್ಟಾಗುತ್ತದೆ ಅಂತ ಯಾರೂ ಕೇಳಬೇಡಿ, ಮಾರುವುದಿಲ್ಲ. ಆ ಮನೆಯ ಮಕ್ಕಳೋ ಮೊಮ್ಮಕ್ಕಳೋ ಸಿಕ್ಕರೆ ನಾನೇ ಹೋಗಿ ಕೈಗೆ ಕೊಟ್ಟು ಬರುತ್ತೇನೆ.