ಸಾಲ್ಮನ್ ಹಿಡಿಯುವ ಸ್ಪಿನ್ನರ್‌ಗೆ ಯಾವ ಮಣಿ ಹಾಕಬೇಕು?

ಭೀಮಾ ದಂಡೆ, ಕಲಬುರಗಿ:
ನಮ್ಮಣ್ಣ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇದ್ದಾನೆ. ಸೆಪ್ಟೆಂಬರ್ ಬಂತೆಂದರೆ ಅಲ್ಲಿನ ಹೊಳೆಗಳಿಗೆ ಸಮುದ್ರದಿಂದ ಕೋಹೋ ಎಂಬ ಜಾತಿಯ ಸಾಲ್ಮನ್ ಮೀನು ಏರಿ ಬರುತ್ತವೆ. ಕಳೆದ ಸಲ ರಜೆಗೆ ಬಂದಾಗ ಒಂದು ಡಬ್ಬಿ ತುಂಬ ಬ್ಲೇಡು, ಕ್ಲೆವಿಸ್, ಸ್ಟೀಲ್ ತಂತಿ ಬಿಟ್ಟು ಹೋದ. ಸ್ಪಿನ್ನರ್ ಕಟ್ಟಿ ಕಳಿಸುವ ಕೆಲಸ ನನ್ನದು. ಸ್ಪಿನ್ನರ್ ಅಂದರೆ ನೀರಿನಲ್ಲಿ ಎಳೆದಾಗ ಬ್ಲೇಡು ಗಿರಗಿರ ತಿರುಗಿ ಮೀನನ್ನು ಸೆಳೆಯುವ ಗಾಳ. ಕ್ಲೆವಿಸ್ ಅಂದರೆ ಬ್ಲೇಡನ್ನು ತಂತಿಗೆ ಹಿಡಿದಿಡುವ ಪುಟ್ಟ ಕೊಂಡಿ. ಅದರ ಕೆಳಗೆ ಮಣಿ ಕೂರುತ್ತದೆ.
5 ಮಿ.ಮೀ. ಪ್ಲಾಸ್ಟಿಕ್ ಮಣಿ ಹಾಕಿ ಭೀಮಾ ಹೊಳೆಯಲ್ಲಿ ಎಸೆದು ನೋಡಿದೆ. 40 ಸಲ ಎಸೆಯುವಷ್ಟರಲ್ಲಿ ಮಣಿಯ ನೆತ್ತಿ ಮೇಲೆ ಗೆರೆ ಬಿತ್ತು. ಕೊಂಡಿ ಆ ಗೆರೆಯಲ್ಲೇ ಕಚ್ಚಿಕೊಂಡು ಬ್ಲೇಡು ತಿರುಗುವುದನ್ನೇ ನಿಲ್ಲಿಸಿತು. ಈಗ ಗಾಜಿನದು ಹಾಕಲೋ, ಹಿತ್ತಾಳೆಯದೋ?

ಕಾರಂಜಾ ಗಾಳ, ಬೀದರ್:
ಗಾಜು. ಬೇರೆ ಮಾತೇ ಇಲ್ಲ. ಸ್ಪಿನ್ನರ್‌ನಲ್ಲಿ ಮಣಿ ಇರುವುದು ಚಂದಕ್ಕಲ್ಲ ತಮ್ಮಾ, ಅದು ಬೇರಿಂಗ್. ಕೊಂಡಿ ಅದರ ಮೇಲೆ ಜಾರಿ ತಿರುಗಬೇಕು. ಪ್ಲಾಸ್ಟಿಕ್ ಸವೆಯುತ್ತದೆ, ಗಾಜು ಸವೆಯಲ್ಲ. ದುಡ್ಡು ಜಾಸ್ತಿ ಸುರಿಯಬೇಡ, ಬಳೆ ಅಂಗಡಿಯಲ್ಲಿ ಕರಿಮಣಿ ಸಿಗುತ್ತದೆ. ನಾನು ಮರಲ್ ಮೀನು ಹಿಡಿಯುವ ಸ್ಪಿನ್ನರ್‌ಗೆ ಮನೆಯಲ್ಲಿ ಹರಿದು ಬಿದ್ದಿದ್ದ ಹಳೆ ಗುಳದಾಳಿಯ, ಅಂದರೆ ತಾಳಿಸರದ, ಮಣಿಯನ್ನೇ ಹಾಕಿದ್ದೇನೆ. ಎರಡು ವರ್ಷ ಆಯಿತು, ಒಂದು ಗೆರೆ ಇಲ್ಲ.

ಶಹಾಪುರದ ಅಕ್ಕ:
ಗುಳದಾಳಿಯ ಮಣಿ ಮೀನಿನ ಗಾಳಕ್ಕಾ? ಇದನ್ನು ಬರೆಯುವಾಗ ಕೈ ನಡುಗಲಿಲ್ವಾ ನಿಮಗೆ? ಮನೆಯಲ್ಲಿ ಹೆಂಡತಿಯನ್ನು ಒಂದು ಮಾತು ಕೇಳಿದ್ದೀರಾ?

ಕಾರಂಜಾ ಗಾಳ, ಬೀದರ್:
ಅಕ್ಕಾ, ಅವಳೇ ಕೊಟ್ಟಿದ್ದು. ಹೊಸದನ್ನು ಪೋಣಿಸಿಕೊಂಡ ಮೇಲೆ ಉಳಿದ ಮಣಿ. ಕರಿಮಣಿ ಅಂದರೆ ಗಾಜು. ಚೌಬಾರಾ ಹತ್ತಿರ ಪೊಟ್ಟಣ ಕಟ್ಟಿ ಮಾರುತ್ತಾರೆ.

ಸುರಪುರದ ಹುಡುಗ:
ಕಪ್ಪು ಮಣಿ ಹಾಕಿದರೆ ಸಾಲ್ಮನ್ ತಿರುಗಿ ನೋಡುತ್ತಾ? ಅಲ್ಲಿನವರು ಕಿತ್ತಳೆ, ಗುಲಾಬಿ, ಹಸಿರುಹಳದಿ ಬಣ್ಣದ್ದು ಹಾಕುತ್ತಾರೆ. ಕಿತ್ತಳೆ ಮಣಿ ಥೇಟ್ ಮೀನಿನ ಮೊಟ್ಟೆ. ಅಲಾಸ್ಕಾದಲ್ಲಿ ಮಣಿಗೆ ಅಂತಲೇ ಸರ್ಕಾರದ ನಿಯಮ ಇದೆ. ಗಾಳದಿಂದ 2 ಇಂಚಿನೊಳಗೆ ಕೂರಿಸಬೇಕು, ಇಲ್ಲಾಂದ್ರೆ ದಾರದ ಮೇಲೆ ಪೂರ್ತಿ ಜಾರುವಂತೆ ಬಿಡಬೇಕು. ಮೀನು ಮಣಿ ನೋಡಿ ಬರುತ್ತದೆ ಅಂತಲೇ ಅಲ್ವಾ ನಿಯಮ ಮಾಡಿದ್ದು?

ಕಾರಂಜಾ ಗಾಳ, ಬೀದರ್:
ಆ ನಿಯಮದಲ್ಲಿ ಬಣ್ಣದ ಬಗ್ಗೆ ಒಂದಕ್ಷರ ತೋರಿಸು. ಅವರಣ್ಣ ಇರುವುದು ವಾಷಿಂಗ್ಟನ್ನಿನಲ್ಲಿ, ಅಲಾಸ್ಕಾದಲ್ಲಲ್ಲ. ಇನ್ನು ಮೊಟ್ಟೆಯ ಮಾತು. ಸಾಲ್ಮನ್ ಹೊಳೆಗೆ ಬಂದ ಮೇಲೆ ಹೊಟ್ಟೆಗೆ ತಿನ್ನುವುದನ್ನೇ ಬಿಡುತ್ತದೆ. ಅದರ ಹಿಂದೆ ಕಾದು ನಿಂತು ಮೊಟ್ಟೆ ನುಂಗುವುದು ಟ್ರೌಟ್ ಮೀನು.

ಸುರಪುರದ ಹುಡುಗ:
ತಿನ್ನಲ್ಲ ಅಂದರೆ ಕಚ್ಚಲ್ಲ ಅಂತ ಅಲ್ಲ ಅಣ್ಣಾ. ಸಿಟ್ಟಿಗೆ ಕಚ್ಚುತ್ತದೆ. ಸಿಟ್ಟು ಬರಬೇಕಾದರೆ ಮೊದಲು ಕಣ್ಣಿಗೆ ಬೀಳಬೇಕು.

ಪಟವೇಗಾರರ ಮನೆ, ಕಲಬುರಗಿ:
ನಮ್ಮದು ಪೋಣಿಸುವ ಮನೆತನ, ಮಣಿಯ ಬಗ್ಗೆ ಎರಡು ಮಾತು ಹೇಳುತ್ತೇನೆ. ಗಾಜಿನ ಮಣಿಯೆಲ್ಲ ಒಂದೇ ಅಲ್ಲ. ಉದ್ದ ಕೊಳವೆ ಎಳೆದು, ತುಂಡು ಮಾಡಿ, ಅಂಚು ನುಣುಪು ಮಾಡುತ್ತಾರೆ. ನುಣುಪಾಗದೆ ಉಳಿದದ್ದು ದಾರ ಕೊಯ್ಯುತ್ತದೆ. ಒಂದೆಳೆ ಹತ್ತಿದಾರಕ್ಕೆ ಮಣಿ ಪೋಣಿಸಿ, ದಾರ ಬಿಗಿ ಹಿಡಿದು, ಮಣಿಯನ್ನು ಹತ್ತು ಸಲ ಅತ್ತಿತ್ತ ಎಳೆಯಿರಿ. ದಾರದ ಮೇಲೆ ನೊರೆಯಂತೆ ಜುಂಗು ಎದ್ದರೆ ಆ ಮಣಿ ಬಿಸಾಡಿ. ಸ್ಟೀಲ್ ತಂತಿಗೆ ಅಷ್ಟು ತೊಂದರೆ ಇಲ್ಲ, ನೈಲಾನ್ ದಾರವಾದರೆ ಮೀನು ಎಳೆದಾಗಲೇ ಕಡಿಯುತ್ತದೆ. ಇನ್ನೊಂದು, ಸಾಮಾನ್ಯ ಕರಿಮಣಿ ತೀರಾ ಸಣ್ಣದು. ಕೊಂಡಿಯ ತೂತಿಗಿಂತ ಮಣಿ ದೊಡ್ಡದಿರಬೇಕು, ಇಲ್ಲದಿದ್ದರೆ ಅದರೊಳಗೇ ಸಿಕ್ಕಿಕೊಳ್ಳುತ್ತದೆ.
ಹಾಗೇ ನಮ್ಮಪ್ಪ ಗುಳದಾಳಿ ಪೋಣಿಸುವಾಗ ಒಡೆದ ಮಣಿ ನೆಲಕ್ಕೆ ಬೀಳಲು ಬಿಡುತ್ತಿರಲಿಲ್ಲ. ಆಯ್ದು ತುಳಸಿ ಗಿಡದ ಬುಡಕ್ಕೆ ಹಾಕುತ್ತಿದ್ದರು.

ಶಹಾಪುರದ ಅಕ್ಕ:
ತುಳಸಿ ಬುಡಕ್ಕೆ! ಕೇಳಿಸಿಕೊಂಡಿರಾ ಬೀದರ್‌ನವರೇ? ಒಡೆದ ಮಣಿಗೇ ಅಷ್ಟು ಮರ್ಯಾದೆ. ನೀವು ಒಡೆಯದ ಮಣಿಯನ್ನು ಕೆಸರಿಗೆ ಎಸೆಯುತ್ತೀರಿ.

ಕಾರಂಜಾ ಗಾಳ, ಬೀದರ್:
ತಂತಿಗೆ ತೊಂದರೆ ಇಲ್ಲ ಅಂತ ಅವರೇ ಹೇಳಿದರಲ್ಲ. ನಾನು ಕಟ್ಟುವುದು ತಂತಿಗೆ. ಒಡೆದದ್ದನ್ನು ಅವರು ತುಳಸಿಗೆ ಹಾಕಲಿ, ನನ್ನ ಮಣಿ ಇನ್ನೂ ಕೆಲಸ ಮಾಡುತ್ತಿದೆ.

ಶಹಾಪುರದ ಅಕ್ಕ:
ಕೆಲಸ ಮಾಡುತ್ತಿದೆ ಅಂತೀರಾ? ನಮ್ಮವ್ವ ತೀರಿಕೊಂಡ ಮೇಲೆ ಅವಳ ಕರಿಮಣಿಯನ್ನು ಒಂದು ಡಬ್ಬಿಯಲ್ಲಿ ಇಟ್ಟಿದ್ದೇನೆ. ಡಬ್ಬಿ ತೆಗೆದರೆ ಇವತ್ತಿಗೂ ಅರಿಶಿನದ ವಾಸನೆ ಬರುತ್ತದೆ. ನಿಮಗೆ ಅದು ಬೇರಿಂಗ್. ನನಗಲ್ಲ.

ಕಾರಂಜಾ ಗಾಳ, ಬೀದರ್:
ನಿಮ್ಮವ್ವನ ಮಣಿಯ ಬಗ್ಗೆ ನಾನು ಒಂದು ಮಾತೂ ಆಡಿಲ್ಲ. ನನ್ನ ಮನೆಯ ಮಣಿ, ನನ್ನ ಹೆಂಡತಿ ಕೈಯಾರೆ ಕೊಟ್ಟದ್ದು. ಇಷ್ಟಕ್ಕೇ ನನ್ನನ್ನು ಧರ್ಮ ಬಿಟ್ಟವನ ಹಾಗೆ ಮಾತಾಡಿಸಬೇಡಿ.

ಯಾದಗಿರಿ ಮೇಷ್ಟ್ರು:
ಬಣ್ಣದ ಮಾತಿಗೆ ಬರೋಣ. ತಿಳಿ ನೀರಿನಲ್ಲಿ ಕೆಂಪು ಬೆಳಕು ಮೊದಲ 10 ಮೀಟರ್ ಒಳಗೇ ಬಹುಪಾಲು ಹೀರಿಹೋಗುತ್ತದೆ. ನೀಲಿ, ಹಸಿರು ಇನ್ನೂ ಆಳಕ್ಕೆ ಇಳಿಯುತ್ತವೆ. ಆಳದಲ್ಲಿ ಕೆಂಪು ಮಣಿಯೂ ಕಪ್ಪಾಗಿಯೇ ಕಾಣುತ್ತದೆ. ಆದ್ದರಿಂದ ಕೆಂಪು, ಕಿತ್ತಳೆಗೆ ದುಡ್ಡು ಹಾಕುವುದು ದಂಡ.

ಸುರಪುರದ ಹುಡುಗ:
10 ಮೀಟರ್! ಸರ್, ಕೋಹೋಗೆ ಸ್ಪಿನ್ನರ್ ಎಸೆಯುವ ಹೊಳೆ ಎಷ್ಟೋ ಕಡೆ ಸೊಂಟದವರೆಗೆ ಬರುತ್ತದೆ ಅಷ್ಟೇ. ಸಮುದ್ರದ ಲೆಕ್ಕ ಹೊಳೆಗೆ ಯಾಕೆ ತರುತ್ತೀರಿ?

ಯಾದಗಿರಿ ಮೇಷ್ಟ್ರು:
ಬೆಳಕಿನ ನಿಯಮ ಸಮುದ್ರಕ್ಕೂ ಹೊಳೆಗೂ ಒಂದೇ.

ಸುರಪುರದ ಹುಡುಗ:
ಒಂದೇ ಅಲ್ಲ ಸರ್. ಮಳೆಗಾಲದಲ್ಲಿ ಕೃಷ್ಣೆಗೆ ಕೆಂಪು ನೀರು ಬಂದಾಗ ನೋಡಿ. ಅಂಥ ರಾಡಿಯಲ್ಲಿ ಮೊದಲು ಸಾಯುವುದು ನೀಲಿ. ಹಳದಿ, ಕೆಂಪು ಅದಕ್ಕಿಂತ ದೂರ ಹೋಗುತ್ತವೆ. ತಿಳಿ ನೀರು ಅಂತ ನೀವೇ ಮೊದಲು ಬರೆದಿದ್ದೀರಿ.

ಯಾದಗಿರಿ ಮೇಷ್ಟ್ರು:
ನಾನು ಬರೆದದ್ದು ತಪ್ಪಲ್ಲ. ನೀನು ಓದಿದ್ದು ಅರ್ಧ.

ಶಹಾಪುರದ ಅಕ್ಕ:
ಬೀದರ್‌ನವರು ನನ್ನ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ. ಆ ಸ್ಪಿನ್ನರ್ ಕಲ್ಲಿಗೆ ಸಿಕ್ಕಿ ಹರಿದು ಹೋದರೆ ಮಣಿ ಎಲ್ಲಿರುತ್ತದೆ? ನೀರಿನ ತಳದಲ್ಲಿ ಅಲ್ವಾ?

ಕಾರಂಜಾ ಗಾಳ, ಬೀದರ್:
ನೀರಿನಲ್ಲಿ ಇದ್ದರೆ ತಪ್ಪೇನು? ದೇವರನ್ನೂ ನೀರಿನಲ್ಲೇ ಬಿಡುತ್ತೇವೆ. ಇನ್ನು ಈ ಮಾತು ನಾನು ಎತ್ತುವುದಿಲ್ಲ.

ಶಹಾಪುರದ ಅಕ್ಕ:
ದೇವರನ್ನು ಪೂಜೆ ಮಾಡಿ ಬಿಡುತ್ತೇವೆ. ಗಾಳಕ್ಕೆ ಕಟ್ಟಿ ಅಲ್ಲ.

ಪಟವೇಗಾರರ ಮನೆ, ಕಲಬುರಗಿ:
ಗಾಜಿಗೆ ಇನ್ನೊಂದು ದೋಷ ಇದೆ, ಯಾರೂ ಹೇಳಲಿಲ್ಲ. ಕಲ್ಲಿಗೆ ಬಡಿದರೆ ಸಿಡಿಯುತ್ತದೆ. ಹಿತ್ತಾಳೆ ಸಿಡಿಯಲ್ಲ, ಭಾರವೂ ಇರುತ್ತದೆ, ದೂರ ಹೋಗಿ ಬೀಳುತ್ತದೆ.

ಭೀಮಾ ದಂಡೆ, ಕಲಬುರಗಿ:
ಎಲ್ಲರ ಮಾತೂ ಓದಿದೆ. ಸೂಪರ್ ಮಾರ್ಕೆಟ್ಟಿಗೆ ಹೋಗಿ 4 ಮಿ.ಮೀ. ಗಾಜಿನ ಮಣಿ ಹನ್ನೆರಡು ತಂದೆ. ಹತ್ತಿದಾರದಲ್ಲಿ ಎಳೆದು ನೋಡಿದೆ. ಮೂರರಲ್ಲಿ ಜುಂಗು ಎದ್ದಿತು, ಬಿಸಾಡಿದೆ. ಕೊಂಡಿಯ ಕೆಳಗೆ ಒಂದು ಗಾಜಿನದು, ಅದರ ಕೆಳಗೆ ಮೂರು ಹಿತ್ತಾಳೆಯವು ಪೋಣಿಸಿದೆ. ಬಕೆಟ್ ನೀರಿನಲ್ಲಿ ನಿಧಾನಕ್ಕೆ ಎಳೆದರೂ ಬ್ಲೇಡು ತಿರುಗುತ್ತದೆ. ಅಕ್ಕಾ, ಮಣಿ ಅಂಗಡಿಯದು, ಬಿಳಿಯದು.

ಸುರಪುರದ ಹುಡುಗ:
ಬಿಳಿಯದಾ? ಇಷ್ಟೆಲ್ಲ ಹೇಳಿದ ಮೇಲೂ? ಒಂದು ಸ್ಪಿನ್ನರ್‌ಗಾದರೂ ಕಿತ್ತಳೆ ಹಾಕಿ ಕಳಿಸಿ. ಯಾವುದಕ್ಕೆ ಕಚ್ಚಿತು ಅಂತ ನಿಮ್ಮಣ್ಣನೇ ಹೇಳಲಿ.

ಕಾರಂಜಾ ಗಾಳ, ಬೀದರ್:
ಒಂದಕ್ಕೆ ಕಪ್ಪೂ ಹಾಕಿ.