ಮಕ್ಕಳ ಸ್ಕೌಟ್ ದಳಕ್ಕೆ ಅಪ್ಪ ಅಮ್ಮ ಏನು ಮಾಡಬಹುದು? ಸ್ಕೌಟ್ ಮಾಸ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಈ ವಾರ ನಮ್ಮ ಜೊತೆ ಒಬ್ಬರು ಸ್ಕೌಟ್ ಮಾಸ್ಟರ್ ಇದ್ದಾರೆ. 24 ವರ್ಷದಿಂದ ದಳ ನಡೆಸ್ತಿದ್ದಾರೆ, ಹೊಸ ಲೀಡರ್‌ಗಳಿಗೆ ತರಬೇತಿನೂ ಕೊಡ್ತಾರೆ. ಪೋಷಕರು ಹೇಗೆ ಕೈಜೋಡಿಸಬಹುದು ಅಂತ ಕೇಳಿ. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಬೇಡ.

ಕಬ್ ಅಪ್ಪ: ನಮಸ್ಕಾರ ಸರ್. ನಾನು ಚಿಕ್ಕವನಿದ್ದಾಗ ಸ್ಕೌಟ್ ಆಗಿರಲಿಲ್ಲ. ಒಂದು ಗಂಟು ಹಾಕೋಕೂ ಬರಲ್ಲ. ನನ್ನಂಥವನಿಂದ ಏನಾದ್ರೂ ಉಪಯೋಗ ಇದೆಯಾ?

ಸ್ಕೌಟ್ ಮಾಸ್ಟರ್: ಖಂಡಿತ ಇದೆ. ಗಂಟು ಕಲಿಸೋರು ಹೇಗೋ ಸಿಗ್ತಾರೆ. ಲೆಕ್ಕ ಬರೆಯೋರು, ಮಕ್ಕಳನ್ನ ಕರ್ಕೊಂಡು ಬಂದು ಬಿಡೋರು, ಟೆಂಟ್ ಒಣಗಿಸೋರು ಸಿಗಲ್ಲ. ನೆನೆದ ಟೆಂಟನ್ನ ಹಾಗೇ ಚೀಲಕ್ಕೆ ತುರುಕಿದ್ರೆ ಕೆಲವೇ ದಿನದಲ್ಲಿ ಬೂಷ್ಟು ಹಿಡಿದು ಹಾಳಾಗುತ್ತೆ. ನಮ್ಮಲ್ಲಿ ಒಬ್ಬ ಅಪ್ಪ ಪ್ರತಿ ಕ್ಯಾಂಪ್ ಆದ್ಮೇಲೆ ನಾಲ್ಕು ಟೆಂಟ್ ಮನೆಗೆ ಒಯ್ದು, ಹರವಿ ಒಣಗಿಸಿ, ಗೂಟ ಎಣಿಸಿ, ಎಷ್ಟು ಕಮ್ಮಿ ಇದೆ ಅಂತ ಚೀಟಿ ಕಟ್ಟಿ ವಾಪಸ್ ತರ್ತಿದ್ರು. ಮಗ ದಳ ಬಿಟ್ಟು ಎಷ್ಟೋ ವರ್ಷ ಆಯ್ತು, ಅವರನ್ನ ಇವತ್ತಿಗೂ ನೆನೀತೀನಿ. ನಿಮ್ಮ ಲೀಡರ್‌ಗೆ ಹೋಗಿ "ಏನಾದ್ರೂ ಇದ್ರೆ ಹೇಳಿ" ಅನ್ನಬೇಡಿ. "ತಿಂಗಳಿಗೆ ಒಂದು ಭಾನುವಾರ ಬರ್ತೀನಿ, ಈ ಕೆಲಸ ನಂದು" ಅನ್ನಿ.

ಗೈಡ್ ಅಮ್ಮ: ಸರ್, ಮಗಳ ಬ್ಯಾಡ್ಜ್ ಪ್ರಾಜೆಕ್ಟ್‌ಗೆ ನಾನು ಎಷ್ಟು ಸಹಾಯ ಮಾಡಬಹುದು? ಬೇರೆ ಮಕ್ಕಳದ್ದೆಲ್ಲ ಅಮ್ಮಂದಿರೇ ಮಾಡಿಕೊಡ್ತಾರೆ.

ಸ್ಕೌಟ್ ಮಾಸ್ಟರ್: ಸಾಮಾನು ತಂದುಕೊಡಿ, ಪಕ್ಕ ಕೂತ್ಕೊಳ್ಳಿ, ಕೈ ಹಾಕಬೇಡಿ. ಸೊಟ್ಟ ಆದ್ರೂ ಅವಳದ್ದೇ ಇರಲಿ.

ಹಳೇ ಸ್ಕೌಟ್: ಈಗಿನ ಬ್ಯಾಡ್ಜ್‌ಗಳಿಗೆ ಬೆಲೆನೇ ಇಲ್ಲ. ನಮ್ಮ ಕಾಲದಲ್ಲಿ ಒಂದಕ್ಕೆ ವರ್ಷ ಒದ್ದಾಡ್ತಿದ್ವಿ.

ಗೈಡ್ ಅಮ್ಮ: ನಾನು ನಿಮ್ಮ ಕಾಲದ ಬಗ್ಗೆ ಕೇಳಲಿಲ್ಲ ಅಣ್ಣ.

ಹೊಸ ಸದಸ್ಯೆ: ಸರ್, ಇದನ್ನ ಇಲ್ಲಿ ಬರೆಯೋಕೆ ಸಂಕೋಚ ಆಗ್ತಿದೆ. ಮಗನಿಗೆ 11 ವರ್ಷ. ಇನ್ನು 12 ದಿನಕ್ಕೆ ಮೊದಲ ಕ್ಯಾಂಪ್, ಮೂರು ರಾತ್ರಿ. ವಾರಕ್ಕೆ ಎರಡು ಮೂರು ಸಲ ಅವನಿಗೆ ರಾತ್ರಿ ಹಾಸಿಗೇಲೇ ಮೂತ್ರ ಆಗಿಬಿಡುತ್ತೆ. ಯಾರಿಗೂ ಹೇಳಬೇಡ ಅಂತ ಅತ್ತುಬಿಟ್ಟ. ಆರೋಗ್ಯದ ಫಾರ್ಮಲ್ಲಿ "ಏನೂ ಇಲ್ಲ" ಅಂತ ಬರೆದುಕೊಟ್ಟೆ. ಕ್ಯಾಂಪ್‌ಗೆ ಸಹಾಯಕ್ಕೆ ಪೋಷಕರು ಬೇಕು ಅಂದಿದ್ದಾರೆ. ನಾನೇ ಹೋಗಿ ಅವನ ಟೆಂಟ್ ಪಕ್ಕ ಮಲಗಿ ರಾತ್ರಿ ಎಬ್ಬಿಸಿದ್ರೆ ಆಗುತ್ತಾ?

ಇಬ್ಬರ ತಂದೆ: ಯೂನಿಫಾರ್ಮ್ ಒಂದು ಸೈಜ್ ದೊಡ್ಡದು ತಗೋಬಹುದಾ ಸರ್?

ಸ್ಕೌಟ್ ಮಾಸ್ಟರ್: @ಹೊಸ ಸದಸ್ಯೆ, ತಾಯಿ, ನಿಮ್ಮ ಮಗ ಒಬ್ಬನೇ ಅಲ್ಲ. ಹತ್ತು ವರ್ಷದ 20 ಮಕ್ಕಳಲ್ಲಿ ಹತ್ತಿರ ಹತ್ತಿರ ಒಬ್ಬರಿಗೆ ಇದು ಇರುತ್ತೆ. ಅದೇ ಕ್ಯಾಂಪಲ್ಲಿ ಇನ್ನೊಬ್ಬನೂ ಇರಬಹುದು, ಅವರ ಮನೆಯವರೂ "ಏನೂ ಇಲ್ಲ" ಅಂತ ಬರೆದಿರಬಹುದು. ಗಾಢ ನಿದ್ದೆಯಲ್ಲಿ ಆಗೋದಕ್ಕೆ ಹುಡುಗನನ್ನ ದೂರೋ ಹಾಗಿಲ್ಲ, ನಿಮ್ಮನ್ನೂ ದೂರೋ ಹಾಗಿಲ್ಲ.

ನನಗೆ ಚಿಂತೆ ಆ "ಏನೂ ಇಲ್ಲ"ದ್ದು. ನಾನು ಕಣ್ಣಾರೆ ಕಂಡದ್ದು ಹೇಳ್ತೀನಿ. ಒಂದು ಕ್ಯಾಂಪಲ್ಲಿ ಎರಡನೇ ಬೆಳಿಗ್ಗೆ ಎಲ್ಲರೂ ಸ್ಲೀಪಿಂಗ್ ಬ್ಯಾಗ್ ಬಿಸಿಲಿಗೆ ಹಾಕಿದ್ರು, ಒಬ್ಬ ಹಾಕಲಿಲ್ಲ. ಅವತ್ತು ಎಂಟು ಕಿಲೋಮೀಟರ್ ನಡಿಗೆ ಇತ್ತು. ಅರ್ಧ ದಾರಿಯಲ್ಲಿ ತಲೆ ಸುತ್ತಿ ಕೂತ. ಅವನ ಬಾಟಲಿ ಎತ್ತಿ ನೋಡಿದ್ರೆ ಬೆಳಿಗ್ಗೆ ತುಂಬಿಸಿದ್ದು ಹಾಗೇ ಇದೆ, ಮುಚ್ಚಳ ತೆಗೆದೇ ಇಲ್ಲ. ರಾತ್ರಿ ಆಗಬಾರದು ಅಂತ ಹಗಲೆಲ್ಲ ನೀರು ಬಿಟ್ಟಿದ್ದ. ಆಮೇಲೆ ಗೊತ್ತಾಯ್ತು, ಹಿಂದಿನ ರಾತ್ರಿ ಒದ್ದೆ ಬ್ಯಾಗಲ್ಲೇ ನಡುಗ್ತಾ ಬೆಳಗು ಮಾಡಿದ್ದ. ಅವನ ಫಾರ್ಮಲ್ಲೂ "ಏನೂ ಇಲ್ಲ" ಅಂತಲೇ ಇತ್ತು. ಇಬ್ಬರು ದೊಡ್ಡವರಿಗೆ ಗೊತ್ತಿದ್ರೆ ಸಾಕಿತ್ತು.

ಟೆಂಟ್ ಪಕ್ಕ ಮಲಗೋದು ಬೇಡ. ದೊಡ್ಡವರು ಮಲಗೋ ಜಾಗ ಬೇರೆ, ಮಕ್ಕಳದ್ದು ಬೇರೆ, ಇದು ಮಕ್ಕಳ ರಕ್ಷಣೆಗೆ ಇರೋ ನಿಯಮ, ಒಬ್ಬರಿಗೆ ಸಡಿಲ ಮಾಡಿದ್ರೆ ಎಲ್ಲರಿಗೂ ಸಡಿಲ ಆಗುತ್ತೆ. ಅಲ್ದೆ ಅಮ್ಮ ಟಾರ್ಚ್ ಹಿಡ್ಕೊಂಡು ಬಂದು ಎಬ್ಬಿಸೋದನ್ನ ಜೊತೆಯ ಹುಡುಗರು ಒಂದೇ ರಾತ್ರೀಲಿ ಕಂಡುಹಿಡೀತಾರೆ.

ನಾಳೆನೇ ಲೀಡರ್‌ಗೆ ಫೋನ್ ಮಾಡಿ. ಆದ್ರೆ ಅದಕ್ಕೂ ಮುಂಚೆ ಮಗನಿಗೆ ಹೇಳಿ, ಅವನ ಬೆನ್ನ ಹಿಂದೆ ಹೇಳಬೇಡಿ. ನಾವು ಮಾಡೋದು ಹೀಗೆ: ರಾತ್ರಿ ಹತ್ತೂವರೆ ಸುಮಾರಿಗೆ ಇಬ್ಬರು ಲೀಡರ್ ಪ್ರತಿ ಟೆಂಟ್ ಮುಂದೆ ನಿಂತು "ಹೊರಗೆ ಹೋಗೋರು ಈಗ ಬನ್ನಿ" ಅಂತ ಎಲ್ಲರನ್ನೂ ಕರೀತಾರೆ. ಒಬ್ಬನ ಹೆಸರು ಬರಲ್ಲ. ಅವನ ಜಾಗ ಟೆಂಟ್ ಬಾಗಿಲ ಹತ್ತಿರ. ಗಾಢ ಬಣ್ಣದ ಸ್ಲೀಪಿಂಗ್ ಬ್ಯಾಗ್, ಒಳಗೆ ತೆಗೆದು ಒಗೆಯೋಕೆ ಬರೋ ಹತ್ತಿಯ ಲೈನರ್, ಅಡಿಯಲ್ಲಿ ನೀರು ಹೀರದ ಶೀಟ್. ಒಂದು ಜೊತೆ ಒಣ ಬಟ್ಟೆ ಸುರುಳಿ ಸುತ್ತಿ ಬ್ಯಾಗಿನ ಕಾಲ ಕಡೆ ಇಟ್ಟಿರಿ, ಕತ್ತಲಲ್ಲಿ ಹುಡುಕಾಡದೆ ಕೈಗೆ ಸಿಗಬೇಕು. ಒದ್ದೆ ಬಟ್ಟೆಗೆ ಒಳಗೆ ಕಾಣದ ಒಂದು ಕವರ್. ಬೆಳಿಗ್ಗೆ ಲೀಡರ್ ಹತ್ತಿರ ಬಂದು "ಟಾರ್ಚ್ ಸೆಲ್ ಮುಗೀತು" ಅಂದ್ರೆ ನಮಗೆ ಅರ್ಥ ಆಗುತ್ತೆ. ಎಲ್ಲರೂ ತಿಂಡಿಗೆ ಹೋದಾಗ ಬ್ಯಾಗ್ ಬದಲಾಗಿರುತ್ತೆ. ಇದೆಲ್ಲ ಮನೆಯಲ್ಲೇ ಎರಡು ರಾತ್ರಿ ನೆಲದ ಮೇಲೆ ಮಲಗಿಸಿ, ದೀಪ ಆರಿಸಿ ಅಭ್ಯಾಸ ಮಾಡಿಸಿ.

ಡಾಕ್ಟರ್‌ಗೆ ತೋರಿಸಿಲ್ಲ ಅಂದ್ರೆ ಈ ವಾರವೇ ತೋರಿಸಿ. ಮಾತ್ರೆ ಕೊಟ್ರೆ ಅದರ ಪೆಟ್ಟಿಗೆ ಸಮೇತ, ಬರೆದ ಚೀಟಿ ಸಮೇತ ಲೀಡರ್ ಕೈಗೇ ಕೊಡಿ. ಇದಕ್ಕೆ ಕೊಡೋ ಡೆಸ್ಮೋಪ್ರೆಸಿನ್ ಅನ್ನೋ ಔಷಧಿ ತಗೊಂಡ್ರೆ ಒಂದು ಗಂಟೆ ಮುಂಚಿಂದ ಎಂಟು ಗಂಟೆ ಆಮೇಲಿನವರೆಗೆ ನೀರು ತೀರಾ ಕಮ್ಮಿ ಇರಬೇಕು. ಜಾಸ್ತಿ ಕುಡಿದ್ರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಬೆಂಕಿ ಸುತ್ತ ಕೂತಾಗ ಅವನ ಕೈಗೆ ಲೋಟ ತುಂಬಿಸಿ ಕೊಡೋ ಲೀಡರ್‌ಗೆ ಇದು ಗೊತ್ತಿರಲೇಬೇಕು.

ಸಹಾಯಕ್ಕೆ ಹೋಗ್ಲೇಬೇಕು ಅಂತಿದ್ರೆ ಹಗಲು ಹೋಗಿ, ಅವನ ಪ್ಯಾಟ್ರೋಲ್ (ದಳದೊಳಗಿನ ಅವನ ಚಿಕ್ಕ ಗುಂಪು) ಬಿಟ್ಟು ಬೇರೆ ಕಡೆ ಕೆಲಸ ಕೇಳಿ.

ನಿತ್ಯ ಆರೋಗ್ಯ: 🙏 ಮಧ್ಯಾಹ್ನ 3ರ ನಂತರ ಹನಿ ನೀರೂ ಕೊಡಬೇಡಿ, ಮೂರೇ ದಿನದಲ್ಲಿ ಹಾಸಿಗೆ ಒದ್ದೆ ಶಾಶ್ವತ ಬಂದ್!! ಪ್ರತಿ ತಾಯಿಗೂ ತಲುಪಿಸಿ.

ಸ್ಕೌಟ್ ಮಾಸ್ಟರ್: ಇದನ್ನ ಯಾವ ತಾಯಿಗೂ ತಲುಪಿಸಬೇಡಿ. ನೀರು ಬಿಟ್ಟ ಹುಡುಗ ದಾರಿಯಲ್ಲಿ ಕುಸಿದದ್ದನ್ನ ಈಗಷ್ಟೇ ಬರೆದೆ. ನಡಿಗೆಯ ದಿನ ಮಗು ಬೆಳಿಗ್ಗೆಯಿಂದ ಚೆನ್ನಾಗಿ ಕುಡೀಬೇಕು, ಮಲಗೋ ಹೊತ್ತಿಗೆ ಮಾತ್ರ ಹಿತಮಿತ.

ಹಳೇ ಸ್ಕೌಟ್: ಇಷ್ಟೆಲ್ಲ ಗುಟ್ಟು ಯಾಕೆ ಸರ್? ಒಂದು ಸಲ ಹುಡುಗರು ನಕ್ಕರೆ ತಾನಾಗೇ ಸರಿಹೋಗ್ತಾನೆ. ಸ್ಕೌಟಿಂಗ್ ಇರೋದೇ ಮಕ್ಕಳನ್ನ ಗಟ್ಟಿ ಮಾಡೋಕೆ.

ನರ್ಸ್ ಅಮ್ಮ: ನಕ್ಕರೆ ಸರಿಹೋಗೋದಲ್ಲ ಇದು. ಗೊತ್ತಿಲ್ಲದೆ ಮಾತಾಡಬೇಡಿ.

ಹಳೇ ಸ್ಕೌಟ್: ನಾನು ಹತ್ತು ಕ್ಯಾಂಪ್ ಮಾಡಿದೀನಿ ಮೇಡಂ.

ನರ್ಸ್ ಅಮ್ಮ: ನಾನು ಹನ್ನೊಂದು ವರ್ಷ ಮಕ್ಕಳ ವಾರ್ಡಲ್ಲಿ ಇದೀನಿ.

ಹಳೇ ಸ್ಕೌಟ್: ಅದಕ್ಕೇ ಎಲ್ಲರನ್ನೂ ಪೇಷಂಟ್ ಥರ ನೋಡ್ತೀರ.

ಸ್ಕೌಟ್ ಮಾಸ್ಟರ್: @ಹಳೇ ಸ್ಕೌಟ್, 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ ಮೊದಲ ಕ್ಯಾಂಪ್ ಮಾಡಿದಾಗ ಸುಮಾರು 20 ಹುಡುಗರನ್ನ ನಾಲ್ಕು ಪ್ಯಾಟ್ರೋಲ್ ಮಾಡಿದ್ರು. ಸಿರಿವಂತರ ಶಾಲೆ ಹುಡುಗರೂ ದುಡಿಯೋರ ಮನೆ ಹುಡುಗರೂ ಒಂದೇ ಪ್ಯಾಟ್ರೋಲಲ್ಲಿ. ಚಿಕ್ಕ ಗುಂಪು ಮಾಡೋದು ಯಾಕೆ? ಐದಾರು ಜನರಲ್ಲಿ ಯಾರು ಸೋತಿದ್ದಾನೆ ಅಂತ ಪ್ಯಾಟ್ರೋಲ್ ಲೀಡರ್ ಕಣ್ಣಿಗೆ ಬೀಳ್ಲಿ, ಅವನಿಗೆ ಹೆಗಲು ಕೊಡಲಿ ಅಂತ. ಒಬ್ಬನನ್ನ ನೋಡಿ ಉಳಿದವರು ನಗೋದು ನನ್ನ ಕ್ಯಾಂಪಲ್ಲಿ ನಡೆಯಲ್ಲ.

ಇಬ್ಬರ ತಂದೆ: ಸರ್, ಯೂನಿಫಾರ್ಮ್?

ಕ್ಯಾಂಪ್ ಭಯದ ಅಮ್ಮ: ಮಗಳು ಮನೆ ನೆನಪಾಗಿ ಅಳ್ತಾಳೆ. ನಾನೂ ಜೊತೆಗೆ ಉಳೀಬಹುದಾ ಸರ್?

ಸ್ಕೌಟ್ ಮಾಸ್ಟರ್: ಮೇಲೆ ಬರೆದಿದ್ದೀನಿ. ಬೇಡ. "ಅತ್ರೆ ಬಂದು ಕರ್ಕೊಂಡು ಬರ್ತೀನಿ" ಅಂತಲೂ ಮಾತು ಕೊಡಬೇಡಿ, ಮೊದಲ ಸಂಜೆಯೇ ಅದಕ್ಕೆ ಕಾಯ್ತಾ ಕೂರ್ತಾಳೆ.

ವಾರಾಂತ್ಯದ ಅಪ್ಪ: ನನಗೆ ಕಾರ್ ಇದೆ. ಮಕ್ಕಳನ್ನ ಒಬ್ಬೊಬ್ಬರಾಗಿ ಮನೆಗೆ ಬಿಡೋ ಕೆಲಸ ನಾನು ಮಾಡ್ತೀನಿ. ಹುಡುಗರ ನಂಬರ್ ಕೊಟ್ರೆ ನಾನೇ ಮೆಸೇಜ್ ಮಾಡಿ ಟೈಮ್ ಹೇಳ್ತೀನಿ.

ಸ್ಕೌಟ್ ಮಾಸ್ಟರ್: ಮನಸ್ಸು ಒಳ್ಳೇದು, ಕ್ರಮ ಸರಿಯಿಲ್ಲ. ಒಬ್ಬ ದೊಡ್ಡವರು ಬೇರೆಯವರ ಒಂದು ಮಗು ಜೊತೆ ಕಾರಲ್ಲಿ ಒಂಟಿಯಾಗಿ ಇರಬಾರದು. ಇನ್ನೊಬ್ಬ ಪೋಷಕರನ್ನ ಜೊತೆಗೆ ಕೂರಿಸಿಕೊಳ್ಳಿ. ಮಕ್ಕಳಿಗೆ ನೇರ ಮೆಸೇಜ್ ಬೇಡ, ಪೋಷಕರ ಗುಂಪಿಗೇ ಹಾಕಿ. ವಿಶ್ವ ಸ್ಕೌಟ್ ಸಂಘಟನೆಗೆ ಮಕ್ಕಳ ರಕ್ಷಣೆಗಂತಲೇ "ಸೇಫ್ ಫ್ರಮ್ ಹಾರ್ಮ್" ಅಂತ ನೀತಿ ಇದೆ. ಸೇರೋ ಮುಂಚೆ ನಿಮ್ಮ ದಳದ ನಿಯಮ ಓದಿ, ಹಿನ್ನೆಲೆ ಪರಿಶೀಲನೆ ಕೇಳಿದ್ರೆ ಕೊಡಿ.

ವಾರಾಂತ್ಯದ ಅಪ್ಪ: ಅಂದ್ರೆ ನನ್ನ ಮೇಲೆ ಅನುಮಾನನಾ? ಸಹಾಯ ಮಾಡೋಕೆ ಬಂದವರಿಗೆ ಇದು ಮರ್ಯಾದೆನಾ?

ನರ್ಸ್ ಅಮ್ಮ: ನಿಯಮ ನನಗೂ ಇದೆ, ಸರ್‌ಗೂ ಇದೆ. ಅದರಲ್ಲಿ ಅವಮಾನ ಏನು ಬಂತು?

ವಾರಾಂತ್ಯದ ಅಪ್ಪ: ಸರಿ, ಹಾಗಾದ್ರೆ ನೀವೇ ಡ್ರೈವ್ ಮಾಡಿ.

ಸ್ಕೌಟ್ ಮಾಸ್ಟರ್: ಈ ನಿಯಮ ಮಗುವನ್ನ ಕಾಯುತ್ತೆ, ನಾಳೆ ಯಾರಾದ್ರೂ ಸುಳ್ಳು ಮಾತು ಹಬ್ಬಿಸಿದ್ರೆ ನಿಮ್ಮನ್ನೂ ಕಾಯುತ್ತೆ. ನನಗೂ ಇದೇ ನಿಯಮ, 24 ವರ್ಷದಿಂದ.

ನಿತ್ಯ ಆರೋಗ್ಯ: ಕ್ಯಾಂಪ್‌ಗೆ ಹೋಗೋ ಮಕ್ಕಳ ಪೋಷಕರ ಗಮನಕ್ಕೆ: ಹಾವು ಕಚ್ಚಿದರೆ ತಕ್ಷಣ ಮೇಲೆ ಬಿಗಿಯಾಗಿ ಕಟ್ಟಿ, ಬ್ಲೇಡಿನಿಂದ ಗೀರಿ ವಿಷ ಹೀರಿ. ಉಣ್ಣಿ ಹುಳು ಕಚ್ಚಿಕೊಂಡರೆ ಬೆಂಕಿಕಡ್ಡಿ ತಾಗಿಸಿ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್.

ಸ್ಕೌಟ್ ಮಾಸ್ಟರ್: ಒಂದೇ ಮೆಸೇಜಲ್ಲಿ ಐದು ಅಪಾಯ. ಹಾವು ಕಚ್ಚಿದ್ರೆ ಕಟ್ಟಬೇಡಿ, ಗೀರಬೇಡಿ, ಹೀರಬೇಡಿ. ಮಗುವನ್ನ ಅಲುಗಾಡಿಸದೆ ಮಲಗಿಸಿ, ಉಂಗುರ ವಾಚ್ ಬಿಚ್ಚಿ, ಆಸ್ಪತ್ರೆಗೆ ಒಯ್ಯಿರಿ. ಉಣ್ಣಿಯನ್ನ ಚಿಮಟದಲ್ಲಿ ಚರ್ಮಕ್ಕೆ ತಾಗಿದ ಕಡೆ ಹಿಡಿದು ನೇರ ಮೇಲಕ್ಕೆ ಎಳೀರಿ. ಸುಟ್ಟ ಜಾಗಕ್ಕೆ 20 ನಿಮಿಷ ಹರಿಯೋ ತಣ್ಣೀರು, ಬೇರೇನೂ ಬೇಡ. ಅಡ್ಮಿನ್, ಈ ಮೆಸೇಜ್ ತೆಗೀರಿ. ಇದನ್ನ ನಂಬಿ ಮಕ್ಕಳ ಚೀಲಕ್ಕೆ ಬ್ಲೇಡ್ ಹಾಕಿ ಕಳಿಸೋರಿದ್ದಾರೆ, ನಾನೇ ತೆಗೆದಿಟ್ಟಿದ್ದೀನಿ.

ನಿತ್ಯ ಆರೋಗ್ಯ: ನನಗೆ ಬಂದಿದ್ದನ್ನ ಹಾಕಿದೆ ಅಷ್ಟೆ. ಸಿಟ್ಟು ಯಾಕೆ?

ಅಡ್ಮಿನ್: ತೆಗೆದಿದ್ದೇನೆ. ಇನ್ನೊಂದು ಬಂದರೆ ಗುಂಪಿನಿಂದ ಹೊರಗೆ.

ಹೊಸ ಅಪ್ಪ: ಸರ್, ನಾನು ಸ್ಕೌಟ್ ಆಗಿರಲಿಲ್ಲ. ಸಹಾಯ ಮಾಡಬಹುದಾ?

ಸ್ಕೌಟ್ ಮಾಸ್ಟರ್: ಮೊದಲ ಉತ್ತರ ಓದಿ.

ಗೈಡ್ ಅಮ್ಮ: ಶ್ರವಣ ಯಂತ್ರ ಹಾಕೋ ಮಕ್ಕಳು ರಾತ್ರಿ ಕ್ಯಾಂಪಲ್ಲಿ ಅದನ್ನ ಎಲ್ಲಿಡಬೇಕು ಸರ್? ಮಗಳ ಗೆಳತಿಗೆ ಕೇಳ್ತಿದ್ದೀನಿ.

ಹಳೇ ಸ್ಕೌಟ್: ಒಬ್ಬರಿಗೆ ಒಂದೇ ಪ್ರಶ್ನೆ ಅಂತ ಇತ್ತಲ್ವಾ.

ಗೈಡ್ ಅಮ್ಮ: ನೀವು ಒಂದೂ ಕೇಳದೆ ಇಷ್ಟು ಮಾತಾಡಿದ್ರಲ್ಲ.

ಹೊಸ ಸದಸ್ಯೆ: ಸರ್, ಮಗನಿಗೆ ನಿಮ್ಮ ಉತ್ತರ ಓದಿ ಹೇಳಿದೆ. ಗೋಡೆ ಕಡೆ ತಿರುಗಿ ಮಲಗಿದ್ದ. ತುಂಬ ಹೊತ್ತು ಆದ್ಮೇಲೆ "ಎಷ್ಟು ಜನಕ್ಕೆ ಗೊತ್ತಾಗುತ್ತೆ" ಅಂತ ಕೇಳಿದ. ಏನು ಹೇಳಲಿ?

ಸ್ಕೌಟ್ ಮಾಸ್ಟರ್: ಇಬ್ಬರಿಗೆ. ಆ ಇಬ್ಬರ ಹೆಸರು ಲೀಡರ್ ಹತ್ತಿರ ಕೇಳಿ ತಿಳ್ಕೊಂಡು ಮಗನಿಗೆ ಹೇಳಿ. ಬೇಡ ಅನಿಸಿದವರು ಇದ್ರೆ ಅವನೇ ಬದಲಾಯಿಸಲಿ. ಫಾರ್ಮ್ ಹೊಸದಾಗಿ ಬರೆಯೋವಾಗ ಅವನನ್ನ ಪಕ್ಕ ಕೂರಿಸ್ಕೊಳ್ಳಿ.

ಹೊಸ ಸದಸ್ಯೆ: ಟಾರ್ಚ್ ಸೆಲ್ ಬೇಡವಂತೆ. "ನನ್ನ ವಿಸಿಲ್ ಸಿಕ್ತಿಲ್ಲ" ಅಂತ ಹೇಳ್ತಾನಂತೆ.

ಸ್ಕೌಟ್ ಮಾಸ್ಟರ್: ಅದೇ ಆಗಲಿ. ಲೀಡರ್‌ಗೂ ಅದನ್ನೇ ತಿಳಿಸಿ.

ಇಬ್ಬರ ತಂದೆ: ಯೂನಿಫಾರ್ಮ್ ಸೈಜ್ ಬಗ್ಗೆ ಯಾರಾದ್ರೂ ಹೇಳ್ತೀರಾ?