ಚಿಕ್ಕಪ್ಪ, ಕೊಟೇಶನ್ ಆಮೇಲೆ, ಮೊದಲು ಬಿಲ್ ನೋಡಿ

ಚಿಕ್ಕಪ್ಪ, ಟೈಪ್ ಮಾಡುತ್ತಾ ಕೂತರೆ ರಾತ್ರಿ ಊಟದ ಹೊತ್ತಾಗುತ್ತದೆ. ಅದಕ್ಕೆ ಫೋನಿಗೆ ಮಾತಾಡಿಯೇ ಹೇಳುತ್ತಿದ್ದೇನೆ, ಅದೇ ಬರೆದುಕೊಳ್ಳುತ್ತಿದೆ. ಅಲ್ಲಲ್ಲಿ ತಪ್ಪು ಬಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿನ್ನೆಯಿಂದ ಗ್ರೂಪಿನಲ್ಲಿ ನಿಮ್ಮ ಸೋಲಾರ್ ಸುದ್ದಿಯೇ. ಯಾರೋ ಏಜೆಂಟ್ ಮನೆಗೆ ಬಂದು 5 ಕಿಲೋವ್ಯಾಟ್‌ಗೆ 3 ಲಕ್ಷ 40 ಸಾವಿರ ಅಂತ ಕೊಟೇಶನ್ ಬರೆದುಕೊಟ್ಟಿದ್ದಾನೆ, ಸರ್ಕಾರ ತಿಂಗಳಿಗೆ 300 ಯೂನಿಟ್ ಫ್ರೀ ಕೊಡುತ್ತದೆ ಅಂದಿದ್ದಾನೆ, 10 ಸಾವಿರ ಅಡ್ವಾನ್ಸ್ ಕೇಳಿದ್ದಾನೆ. ಹಾಕಿಸಲಾ ಬೇಡವಾ ಅಂತ ನೀವು ಕೇಳಿದಿರಿ. ಅದಕ್ಕೆ ಡಲ್ಲಾಸ್‌ನಿಂದ ಪ್ರವೀಣ, ಹಾಕಿಸಿ ಚಿಕ್ಕಪ್ಪ, ಇಲ್ಲಿ 30 ಪರ್ಸೆಂಟ್ ಟ್ಯಾಕ್ಸ್‌ನಲ್ಲಿ ಉಳಿಯುತ್ತದೆ, ಅಲ್ಲೂ ಇರಬೇಕು ಅಂದ. ಮಂಜಣ್ಣ ಹೆಬ್ಬೆರಳು ಒತ್ತಿದ. ಎಲ್ಲರೂ ಕೊಟೇಶನ್ ಫೋಟೋ ನೋಡಿದರು, ಅದರ ಕೆಳಗೆ ನೀವು ಹಾಕಿದ ಕರೆಂಟ್ ಬಿಲ್ ಫೋಟೋ ಯಾರೂ ಸರಿಯಾಗಿ ನೋಡಲಿಲ್ಲ ಅನಿಸುತ್ತದೆ.

ಆ ಬಿಲ್ ದೊಡ್ಡದು ಮಾಡಿ ನೋಡಿ. ಬಳಸಿದ್ದು 112 ಯೂನಿಟ್. ಕಟ್ಟಬೇಕಾದ್ದು ಸೊನ್ನೆ.

ಅದು ಕೆಳಗಿನ ಮನೆಯ ಬಿಲ್ ಅಲ್ವಾ? 200 ಯೂನಿಟ್‌ವರೆಗೆ ಬಿಲ್ ಇಲ್ಲದ ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ ಇರೋದು. ಸೊನ್ನೆ ಕಟ್ಟುವ ಮೀಟರಿಗೆ ಮೂರು ಲಕ್ಷ ಸುರಿದರೆ ಉಳಿಯೋದು ಏನು? ಸೊನ್ನೆಯಲ್ಲಿ ಏನು ಕಳೆಯೋದು ಹೇಳಿ. ಆ ಏಜೆಂಟ್ ಇದನ್ನು ನೋಡಿಯೂ ಸುಮ್ಮನೆ ಅದೇ ಮೀಟರಿನ ಆರ್‌ಆರ್ ನಂಬರ್ ಬರೆದುಕೊಂಡಿದ್ದಾನೆ ಅಂದರೆ ಅವನಿಗೆ ಪ್ಯಾನೆಲ್ ಮಾರಿದರೆ ಸಾಕು. ಕರ್ನಾಟಕದಲ್ಲಿ ಸೋಲಾರ್ ಲೆಕ್ಕ ಶುರುವಾಗೋದೇ 200 ಯೂನಿಟ್ ದಾಟಿದ ಮನೆಗಳಿಂದ. ಯಾಕೆಂದರೆ 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ದಾಟಿದ್ದಕ್ಕೆ ಮಾತ್ರ ಅಲ್ಲ.

ಆದರೆ ಬೇಡ ಅಂತ ಹೇಳೋಕೆ ಇಷ್ಟುದ್ದ ಮಾತಾಡುತ್ತಿಲ್ಲ. ಮೇಲಿನ ಮನೆ ಇದೆಯಲ್ಲ, ರವಿ ಮತ್ತು ಮಕ್ಕಳು ಇರೋದು. ಅದಕ್ಕೆ ಬೇರೆ ಮೀಟರ್, ಬೇರೆ ಆರ್‌ಆರ್ ನಂಬರ್, ಚಿಕ್ಕಮ್ಮನ ಹೆಸರಿನಲ್ಲಿ. ಎಸಿ ಇದೆ, ಗೀಸರ್ ಇದೆ, ಈಗ ಸ್ಕೂಟರ್ ಕೂಡ ಕರೆಂಟಿನದು. ರವಿಯನ್ನು ಕೇಳಿದೆ, ಸರಾಸರಿ 300 ಯೂನಿಟ್ ಬರುತ್ತದೆ ಅಂದ. ಸೋಲಾರ್ ಬೇಕಾಗಿರೋದು ಆ ಮೀಟರಿಗೆ. ತಾರಸಿ ಹೇಗೂ ನಿಮ್ಮದೇ.

ಈಗ ದುಡ್ಡಿನ ವಿಷಯ. 300 ಯೂನಿಟ್ ಫ್ರೀ ಅನ್ನೋದನ್ನು ಮೊದಲು ತಲೆಯಿಂದ ತೆಗೆಯಿರಿ. ಈ ಸೋಲಾರ್ ಯೋಜನೆಯಲ್ಲಿ ಸರ್ಕಾರ ಯಾರಿಗೂ ಕರೆಂಟ್ ತಂದು ಸುರಿಯುವುದಿಲ್ಲ. ಪಿಎಂ ಸೂರ್ಯ ಘರ್ ಅಂತ 2024ರ ಫೆಬ್ರವರಿಯಲ್ಲಿ ಶುರುವಾದ ಯೋಜನೆ ಅದು. 3 ಕಿಲೋವ್ಯಾಟ್ ಹಾಕಿಸಿದರೆ ತಿಂಗಳಿಗೆ ಸುಮಾರು 300 ಯೂನಿಟ್ ನಿಮ್ಮ ತಾರಸಿಯಲ್ಲೇ ತಯಾರಾಗುತ್ತದೆ, ಅದನ್ನೇ ಫ್ರೀ ಅಂತ ಬೋರ್ಡ್ ಹಾಕಿದ್ದಾರೆ. ಕೊಡೋದು ಸಬ್ಸಿಡಿ. ಮೊದಲ ಎರಡು ಕಿಲೋವ್ಯಾಟಿಗೆ ಒಂದೊಂದಕ್ಕೆ 30,000, ಮೂರನೆಯದಕ್ಕೆ 18,000. ಒಟ್ಟು 78,000. ಅಲ್ಲಿಗೆ ಮುಗಿಯಿತು. ನಾಲ್ಕು ಹಾಕಿಸಿ, ಐದು ಹಾಕಿಸಿ, ಹತ್ತು ಹಾಕಿಸಿ, ಬರೋದು 78,000ವೇ. ಹಾಗಾಗಿ ಆ 5 ಕಿಲೋವ್ಯಾಟ್‌ನಲ್ಲಿ ಕೊನೆಯ ಎರಡಕ್ಕೆ ಪೂರ್ತಿ ನಿಮ್ಮ ಕೈಯಿಂದ ಹೋಗುತ್ತದೆ. ಅದರಿಂದ ಹೆಚ್ಚಾಗಿ ಬಂದ ಕರೆಂಟ್ ಲೈನಿಗೆ ಹೋಗುತ್ತದೆ, ಆದರೆ ನಾವು ಕೊಳ್ಳುವ ರೇಟಿಗಿಂತ ತುಂಬಾ ಕಡಿಮೆ ರೇಟ್ ಕಟ್ಟಿಕೊಡುತ್ತಾರೆ. ಮಾರಿ ದುಡ್ಡು ಮಾಡುತ್ತೇನೆ ಅನ್ನುವ ಆಸೆ ಬೇಡ. ಜೊತೆಗೆ ಸ್ಯಾಂಕ್ಷನ್ ಲೋಡ್, ಅಂದರೆ ಮನೆಗೆ ಮಂಜೂರಾದ ಕಿಲೋವ್ಯಾಟ್, ಏರಿಸಿದರೆ ಫಿಕ್ಸೆಡ್ ಚಾರ್ಜ್ ಕೂಡ ಏರುತ್ತದೆ, 2025-26ರ ದರದಲ್ಲಿ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ. ಮೂರು ಸಾಕು.

ಇನ್ನೊಂದು. ಕೊಟೇಶನ್‌ನಲ್ಲಿ ಜಿಎಸ್‌ಟಿ 12 ಅಂತ ಹಾಕಿದ್ದಾನೆ. ಅದು 2025ರ ಸೆಪ್ಟೆಂಬರ್ 22ರಿಂದ 5 ಆಗಿದೆ. ಸೋಲಾರ್ ಕೆಲಸದಲ್ಲಿ 70 ಭಾಗ ಮಾಲು, 30 ಭಾಗ ಕೂಲಿ ಅಂತ ಹಿಡಿಯುತ್ತಾರೆ. ಮಾಲಿಗೆ 5, ಕೂಲಿ ಭಾಗಕ್ಕೆ 18. 1 ಲಕ್ಷ 75 ಸಾವಿರದ ಕೆಲಸ ಅಂದುಕೊಂಡರೆ ಇದೊಂದರಲ್ಲೇ ಎಂಟೂವರೆ ಸಾವಿರ ವ್ಯತ್ಯಾಸ. ಹಳೇ ಕೊಟೇಶನ್ನಿಗೆ ಹೊಸ ತಾರೀಕು ಹಾಕಿ ಕೊಟ್ಟಿದ್ದಾನೋ, ಅಥವಾ ನೋಡೋಣ ಗೊತ್ತಾಗುತ್ತದಾ ಅಂತ ಹಾಕಿದ್ದಾನೋ. ಏನೇ ಇರಲಿ, ಇನ್ನಿಬ್ಬರ ಹತ್ತಿರ ಕೇಳಿ. ಯೋಜನೆಯ ಪೋರ್ಟಲ್‌ನಲ್ಲಿ ಹೆಸರಿರುವ ವೆಂಡರ್ ಆಗಿರಬೇಕು, ಇಲ್ಲದಿದ್ದರೆ ಸಬ್ಸಿಡಿ ಬರಲ್ಲ. ಪ್ಯಾನೆಲ್ ಕೂಡ ಡಿಸಿಆರ್ ಆಗಿರಬೇಕು, ಅಂದರೆ ಒಳಗಿನ ಸೆಲ್ ಸಮೇತ ಇಲ್ಲೇ ತಯಾರಾದದ್ದು. ಕೆಲವರು 30-40 ಸಾವಿರ ಕಡಿಮೆ ಮಾಡಿಕೊಡುತ್ತೇನೆ ಅಂತ ಬೇರೆ ಪ್ಯಾನೆಲ್ ತೋರಿಸುತ್ತಾರೆ, ಆ ಆಸೆಗೆ ಬಿದ್ದರೆ 78,000 ಹೋಯಿತು.

ಪ್ರವೀಣ, ನಿನಗೂ ಒಂದು ಮಾತು. ನೀನು ಹೇಳಿದ 30 ಪರ್ಸೆಂಟ್ ಅಮೆರಿಕದ ಫೆಡರಲ್ ಟ್ಯಾಕ್ಸ್ ಕ್ರೆಡಿಟ್. ಅದು ಕೂಡ 2025ರ ಡಿಸೆಂಬರ್ 31ಕ್ಕೆ ಮುಗಿಯಿತು ಕಣೋ. ಆ ಜುಲೈನಲ್ಲಿ ಪಾಸಾದ ಕಾನೂನಿನಲ್ಲಿ ಮನೆಯವರೇ ದುಡ್ಡು ಹಾಕಿ ಕೂರಿಸುವ ಸೋಲಾರಿಗೆ ಕೊಡುತ್ತಿದ್ದದ್ದನ್ನು ತೆಗೆದುಹಾಕಿದರು. ನಿನ್ನ ಪಕ್ಕದ ಮನೆಯವನು ಹೋದ ವರ್ಷವೇ ಹಾಕಿಸಿದ್ದರೆ ಅವನ ಅದೃಷ್ಟ. ನಮ್ಮಲ್ಲಿ ಮನೆಯ ಸೋಲಾರಿಗೆ ಇನ್‌ಕಮ್ ಟ್ಯಾಕ್ಸ್‌ನಲ್ಲಿ ಯಾವ ಕಡಿತವೂ ಇಲ್ಲ. ಸಂಬಳದವರು, ಪಿಂಚಣಿಯವರು ರಿಟರ್ನ್‌ನಲ್ಲಿ ತೋರಿಸೋಕೆ ಏನೂ ಸಿಗಲ್ಲ. ಟ್ಯಾಕ್ಸ್ ಲಾಭ ಇರೋದು ವ್ಯಾಪಾರಕ್ಕೆ. ಮಂಜಣ್ಣ, ನೀನು ಹಿಟ್ಟಿನ ಗಿರಣಿ ಮೇಲೆ ಹಾಕಿಸಿದರೆ ವರ್ಷಕ್ಕೆ 40 ಪರ್ಸೆಂಟ್ ಸವಕಳಿಯನ್ನು ಖರ್ಚಾಗಿ ತೋರಿಸಬಹುದು, ಮಾರ್ಚ್ ಹತ್ತಿರ ಹಾಕಿಸಿದರೆ ಆ ವರ್ಷಕ್ಕೆ ಅರ್ಧ ಮಾತ್ರ. ಆದರೆ ಗಿರಣಿಗೆ ಈ 78,000 ಇಲ್ಲ, ಅದು ಮನೆಗಳಿಗೆ. ನಿನ್ನ ಆಡಿಟರ್ ಹತ್ತಿರ ಕೂತು ಬಾ. ಬರೀ ಹೆಬ್ಬೆರಳು ಒತ್ತಬೇಡ.

ಸಾಲಕ್ಕೆ ಬರುತ್ತೇನೆ. ಚಿಕ್ಕಪ್ಪ, ನಿಮಗೆ ಸಾಲ ಅಂದರೆ ಮೈ ಉರಿಯುತ್ತದೆ ಅಂತ ಗೊತ್ತು. ಎಫ್‌ಡಿ ಮುರಿಸುತ್ತೇನೆ ಅಂದಿದ್ದೀರಿ. ಮುರಿಸಬೇಡಿ. ಈ ಯೋಜನೆಯಲ್ಲಿ 3 ಕಿಲೋವ್ಯಾಟ್‌ವರೆಗೆ 2 ಲಕ್ಷದ ತನಕ ಅಡವಿಲ್ಲದೆ ಕೊಡುತ್ತಾರೆ, ರೆಪೊ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ, ಅರ್ಧ ಪರ್ಸೆಂಟ್ ಸೇರಿಸಿದಷ್ಟು ಬಡ್ಡಿ, ಹತ್ತು ವರ್ಷ. ಶುರುವಾದಾಗ 7ರಷ್ಟಿತ್ತು, 2025ರಲ್ಲಿ ರಿಸರ್ವ್ ಬ್ಯಾಂಕ್ ಒಂದರ ಹಿಂದೆ ಒಂದು ರೆಪೊ ಇಳಿಸಿದ ಮೇಲೆ 6ರ ಆಸುಪಾಸಿಗೆ ಬಂದಿದೆ. ಬಂಗಾರದ ಸಾಲಕ್ಕೂ ಈ ಬಡ್ಡಿ ಇಲ್ಲ. ಜನ ಸಮರ್ಥ್ ಅನ್ನುವ ಸರ್ಕಾರಿ ಸಾಲದ ಪೋರ್ಟಲ್‌ನಲ್ಲಿ ಅರ್ಜಿ, ರವಿ ಹಾಕಿಕೊಡುತ್ತಾನೆ.

ಸುಮ್ನೆ ಒಂದು ಲೆಕ್ಕ ಹಿಡಿಯೋಣ. 3 ಕಿಲೋವ್ಯಾಟಿಗೆ ಎಲ್ಲಾ ಸೇರಿ 1 ಲಕ್ಷ 90 ಸಾವಿರ. ಹತ್ತು ಪರ್ಸೆಂಟ್ ನೀವು ಹಾಕಬೇಕು, 19,000. ಉಳಿದ 1 ಲಕ್ಷ 71 ಸಾವಿರ ಸಾಲ. 6 ಪರ್ಸೆಂಟಿಗೆ ಹತ್ತು ವರ್ಷ ಅಂದರೆ ಕಂತು 1,900. ಆಮೇಲೆ ಸಬ್ಸಿಡಿ 78,000 ಬಂತು ಅಂದುಕೊಳ್ಳಿ, ಅದನ್ನು ಸಾಲಕ್ಕೇ ಕಟ್ಟಿ. ಉಳಿಯೋದು 93,000. ಕಂತು ಅಷ್ಟೇ ಇಟ್ಟರೆ ಐದು ವರ್ಷದೊಳಗೆ ಸಾಲ ಮುಗಿಯುತ್ತದೆ. ಕಂತು ಇಳಿಸಿ ಅಂದರೆ ಸಾವಿರದ ಚಿಲ್ಲರೆಗೆ ಇಳಿಯುತ್ತದೆ, ಆದರೆ ಹತ್ತು ವರ್ಷ ಎಳೆಯುತ್ತದೆ. ನಾನಾದರೆ ಇಳಿಸಲ್ಲ. ಯಾಕೆ ಅಂದರೆ ಮೇಲಿನ ಮನೆಯ ಬಿಲ್ ನೋಡಿ. ಯೂನಿಟ್‌ಗೆ 2025-26ರ ದರದಲ್ಲಿ 5 ರೂಪಾಯಿ 80 ಪೈಸೆ, ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿ ಬಾಬ್ತು 36 ಪೈಸೆ, ಮೇಲೆ 9 ಪರ್ಸೆಂಟ್ ತೆರಿಗೆ, 3 ಕಿಲೋವ್ಯಾಟಿನ ಫಿಕ್ಸೆಡ್ ಚಾರ್ಜ್ 435. ಎಲ್ಲಾ ಸೇರಿ 2,400ರ ಹತ್ತಿರ. ಸೋಲಾರ್ ಬಂದ ಮೇಲೂ ಆ 435 ಹೋಗಲ್ಲ, ಬಿಲ್ ಸೊನ್ನೆ ಅಂತ ಹೇಳುವವರನ್ನು ನಂಬಬೇಡಿ. ಉಳಿಯೋದು ಸುಮಾರು 2,000. ಕಂತು 1,900. ಕರೆಂಟಿಗೆ ಹೋಗುತ್ತಿದ್ದ ದುಡ್ಡು ಐದು ವರ್ಷ ಬ್ಯಾಂಕಿಗೆ ಹೋಗುತ್ತದೆ ಅಷ್ಟೇ, ರವಿ ಜೇಬಿಗೆ ಹೊಸ ಭಾರ ಏನೂ ಇಲ್ಲ. ಎಫ್‌ಡಿ ಎಫ್‌ಡಿಯಾಗಿಯೇ ಇರುತ್ತದೆ.

ಸಾಲ ಮಾಡಿ ಸೋಲಾರ್ ಹಾಕಿಸೋದು ನಮ್ಮ ಕಡೆಗೆ ಹೊಸದೇನಲ್ಲ, ನೆನಪಿದೆಯಾ? ಅಜ್ಜಿ ಮನೆಯಲ್ಲಿ ಹಂಚಿನ ಮೇಲೆ ಒಂದು ಪುಟ್ಟ ಪ್ಯಾನೆಲ್, ಒಳಗೆ ನಾಲ್ಕು ಲೈಟು. ಒಂದು ಅಡುಗೆಮನೆಗೆ, ಒಂದು ಕೊಟ್ಟಿಗೆಗೆ. ಆಗ 2003ರಲ್ಲಿ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕಿನವರು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಸಹಾಯದಿಂದ ಬಡ್ಡಿ ಇಳಿಸಿ ಕರ್ನಾಟಕ, ಕೇರಳದಲ್ಲಿ ಮನೆ ಸೋಲಾರಿಗೆ ಸಾಲ ಕೊಡುತ್ತಿದ್ದರು. ಅದಕ್ಕೂ ಮುಂಚೆ 1995ರಿಂದಲೇ ಸೆಲ್ಕೋ ಅನ್ನುವ ಸೋಲಾರ್ ಕಂಪನಿಯವರು ಹಳ್ಳಿಗಳಲ್ಲಿ ಗ್ರಾಮೀಣ ಬ್ಯಾಂಕುಗಳ ಜೊತೆ ಇದೇ ಕೆಲಸ ಮಾಡುತ್ತಿದ್ದರು. ಅಜ್ಜ ತಿಂಗಳ ಕಂತು ಆಗಲ್ಲ, ಅಡಿಕೆ ಮಾರಿದ ಮೇಲೆ ಒಟ್ಟಿಗೆ ಕಟ್ಟುತ್ತೇನೆ ಅಂದಿದ್ದರು, ಬ್ಯಾಂಕಿನವರು ಒಪ್ಪಿದ್ದರು. ಕೊಟ್ಟಿಗೆಯ ಲೈಟ್ ಹತ್ತಿದ ದಿನ ಅಜ್ಜಿ ಹಸುವಿಗೂ ಕುಂಕುಮ ಇಟ್ಟಿದ್ದರು. ಆ ಸಾಲಕ್ಕೆ ನೀವೇ ಜಾಮೀನು ಸಹಿ ಹಾಕಿದ್ದು ಚಿಕ್ಕಪ್ಪ, ಈಗ ಸಾಲ ಅಂದರೆ ಮುಖ ಕಿವುಚುತ್ತೀರಿ!

ನಮ್ಮ ಮನೆಯ ಕಥೆ ಕೇಳಿ, ಇದರಲ್ಲಿ ನಿಮಗೆ ಉಪಯೋಗ ಇದೆ. ನಮ್ಮ ಆರ್‌ಆರ್ ನಂಬರ್ ಮಾವನವರ ಹೆಸರಿನಲ್ಲಿತ್ತು. ಅವರು ಹೋಗಿ ಆರು ವರ್ಷ. ಬಿಲ್ ಕಟ್ಟುತ್ತಾ ಇದ್ದೆವು, ಯಾರ ಹೆಸರಿದ್ದರೇನು ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಸಾಲದ ಅರ್ಜಿ ಹಾಕಿದಾಗ ಬ್ಯಾಂಕಿನವರು ಕೇಳಿದರು, ಈ ಹೆಸರಿನವರು ಎಲ್ಲಿ? ಎಲ್ಲಿ ಅಂತ ಹೇಳೋದು. ಮರಣ ಪತ್ರ, ವಂಶವೃಕ್ಷ, ಖಾತೆ, ಅಕ್ಕ ತಂಗಿಯರ ಒಪ್ಪಿಗೆ ಪತ್ರ, ಎಲ್ಲಾ ಹೊಂದಿಸಿ ಅತ್ತೆಯ ಹೆಸರಿಗೆ ಬದಲಾಯಿಸುವ ಹೊತ್ತಿಗೆ ಎರಡು ತಿಂಗಳು. ಅದಾದ ಮೇಲೆ ಇನ್ನೊಂದು. ಬಿಲ್ಲಿನಲ್ಲಿ ಇನಿಶಿಯಲ್ ಮುಂದೆ, ಆಧಾರ್‌ನಲ್ಲಿ ಊರಿನ ಹೆಸರು ಹಿಂದೆ, ಪಾಸ್‌ಬುಕ್‌ನಲ್ಲಿ ಮೂರನೇ ಥರ. ಒಬ್ಬ ಅತ್ತೆ, ಮೂರು ಹೆಸರು! ಸಬ್ಸಿಡಿ ನೇರ ಖಾತೆಗೆ ಬರುವುದರಿಂದ ಹೆಸರು ಒಂದೇ ಥರ ಇರಲೇಬೇಕು ಅಂದರು. ತಪ್ಪು ನಮ್ಮದೇ, ಯಾರನ್ನೂ ಬೈಯುವ ಹಾಗಿಲ್ಲ. ಎಲ್ಲಾ ಸರಿಯಾಗಿ, ಲೈನಿನಿಂದ ಬಂದದ್ದನ್ನೂ ಲೈನಿಗೆ ಹೋದದ್ದನ್ನೂ ಓದುವ ಮೀಟರ್ ಬಂದು ಕೂತ ಮೇಲೆ ಮೂರೇ ವಾರಕ್ಕೆ 78,000 ಬಿತ್ತು. ಅದಕ್ಕೆ ಹೇಳುತ್ತಿದ್ದೇನೆ, ಚಿಕ್ಕಮ್ಮನ ಆಧಾರ್, ಪಾಸ್‌ಬುಕ್, ಮೇಲಿನ ಮನೆಯ ಬಿಲ್ ಮೂರನ್ನೂ ಪಕ್ಕ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಅಂದಹಾಗೆ ಕೆಳಗಿನ ಮೀಟರ್ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ, ಫೋಟೋದಲ್ಲಿ ಕಾಣುತ್ತಿದೆ. ಸೋಲಾರ್ ಇರಲಿ ಬಿಡಲಿ, ಅದನ್ನು ಬದಲಾಯಿಸಿಕೊಳ್ಳಿ.

ಹಾಕಿಸಿದ ಮೇಲೆ ಏನಾಗುತ್ತದೆ ಅಂತಲೂ ಕೇಳಿದಿರಿ. ಕರೆಂಟ್ ಹೋದರೆ ಸೋಲಾರೂ ಹೋಗುತ್ತದೆ. ಹೌದು, ಮಟಮಟ ಮಧ್ಯಾಹ್ನ ಬಿಸಿಲಿದ್ದರೂ. ಲೈನ್ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಮ್ಮ ಮನೆಯಿಂದ ಶಾಕ್ ಹೊಡೆಯಬಾರದು ಅಂತ ಇನ್ವರ್ಟರ್ ತಾನೇ ಆಫ್ ಆಗುತ್ತದೆ. ಬ್ಯಾಟರಿ ಬೇಕು ಅಂದರೆ ಬೇರೆ ಖರ್ಚು, ಅದಕ್ಕೆ ಸಬ್ಸಿಡಿ ಇಲ್ಲ. ಈಗಿರುವ ಯುಪಿಎಸ್ ಹಾಗೇ ಇರಲಿ. ನಮ್ಮಲ್ಲಿ ಬೇಸಿಗೆಯಲ್ಲಿ ದಿನಕ್ಕೆ 13-14 ಯೂನಿಟ್ ಬರುತ್ತದೆ, ಜುಲೈನಲ್ಲಿ ಮಳೆ ಹಿಡಿದರೆ 4 ಬಂದರೆ ದೊಡ್ಡದು. ಅತ್ತೆ ಸಂಜೆ ದೀಪ ಹಚ್ಚಿ ಆದ ಕೂಡಲೇ, ಇವತ್ತು ಎಷ್ಟು ಬಂತು ಅಂತ ಕೇಳುತ್ತಾರೆ, ಹಾಲಿನ ಲೆಕ್ಕ ಕೇಳಿದ ಹಾಗೆ. ಹೋದ ವರ್ಷ ನವೆಂಬರ್‌ನಲ್ಲಿ ಇದ್ದಕ್ಕಿದ್ದ ಹಾಗೆ 9ಕ್ಕೆ ಇಳಿಯಿತು. ವೆಂಡರಿಗೆ ಫೋನ್ ಮಾಡಿ ಜಗಳ ಆಡಿದೆ. ಅವನು ಬಂದು ನೋಡಿ ನಕ್ಕ. ಪಕ್ಕದ ಮನೆಯ ತೆಂಗಿನ ಮರದ ಎರಡು ಗರಿಯ ನೆರಳು, ಮಧ್ಯಾಹ್ನ ಮೂರರಿಂದ ಸರಿಯಾಗಿ ಒಂದು ಪ್ಯಾನೆಲ್ ಮೇಲೆ. ಒಂದರ ಮೇಲೆ ನೆರಳು ಬಿದ್ದರೆ ಅದರ ಜೊತೆ ಸಾಲಾಗಿ ಕಟ್ಟಿದವೆಲ್ಲ ಸೊರಗುತ್ತವೆ. ಗರಿ ಕಡಿಸಿದ್ದಕ್ಕೆ ಮುನ್ನೂರು ರೂಪಾಯಿ, ಎರಡು ಎಳನೀರು ಲಾಭ.

ಹಾಗಾಗಿ ಸದ್ಯಕ್ಕೆ ಅಡ್ವಾನ್ಸ್ ಕೊಡಬೇಡಿ. ಯೋಜನೆ 2027ರ ಮಾರ್ಚ್‌ವರೆಗೆ ಇದೆ, ಏಜೆಂಟ್ ಹೇಳಿದ ಹಾಗೆ ಈ ಭಾನುವಾರಕ್ಕೆ ಮುಗಿಯಲ್ಲ. ರವಿ ಮೇಲಿನ ಮನೆಯ ಹನ್ನೆರಡು ತಿಂಗಳ ಬಿಲ್ ನನಗೆ ಕಳಿಸಲಿ. ನೀವು ನಾಳೆ ಮಧ್ಯಾಹ್ನ ಮೂರು ಗಂಟೆಗೆ ತಾರಸಿ ಹತ್ತಿ, ನೀರಿನ ಟ್ಯಾಂಕ್ ನೆರಳು ಎಲ್ಲಿಯವರೆಗೆ ಬರುತ್ತದೆ ಅಂತ ಒಂದು ಫೋಟೋ ತೆಗೆದು ಹಾಕಿ. 300 ಚದರ ಅಡಿ ಬೇಕು. ಚಿಕ್ಕಮ್ಮ ಹಪ್ಪಳ ಎಲ್ಲಿ ಒಣಗಿಸೋದು ಅಂತ ಬೇರೆ ಮೆಸೇಜ್ ಮಾಡಿ ಕೇಳಿದ್ದಾರೆ. ಕಂಬ ಎತ್ತರಿಸಿ ಹಾಕಿಸಿದರೆ ಕೆಳಗೆ ಓಡಾಡಬಹುದು ಚಿಕ್ಕಮ್ಮ, ಆದರೆ ಅಲ್ಲಿ ಬಿಸಿಲು ಇರಲ್ಲ. ದಕ್ಷಿಣದ ಕಡೆ ನಿಮ್ಮ ಹಪ್ಪಳಕ್ಕೆ, ಉತ್ತರದ ಕಡೆ ಪ್ಯಾನೆಲ್ಲಿಗೆ ಅನ್ನೋಣ ಅಂದರೆ ಪ್ಯಾನೆಲ್ಲಿಗೂ ಬೇಕಾಗಿರೋದು ದಕ್ಷಿಣದ ಬಿಸಿಲೇ. ಅದೊಂದನ್ನು ನೀವು ಚಿಕ್ಕಪ್ಪನ ಜೊತೆ ಕೂತು ಇತ್ಯರ್ಥ ಮಾಡಿಕೊಳ್ಳಿ, ನಾನು ಬಾಯಿ ಹಾಕಲ್ಲ.